ಚಾವ್-ಯುನ್ ಹೆಸರಿನ ಪತಂಗ

ಸೋಮವಾರ ಬೆಳಿಗ್ಗೆ ಪೂಲಿ ಊರಿನ ಪೊಲೀಸ್ ಠಾಣೆಗೆ ಬಂದ ದೂರು ಕೇಳಿ ಇನ್‌ಸ್ಪೆಕ್ಟರ್ ತು, ಕುಡಿಯುತ್ತಿದ್ದ ಸೋಯಾ ಹಾಲಿನ ಲೋಟ ಕೆಳಗಿಟ್ಟರು. ಕಳುವಾದದ್ದು ಒಂದು ಸತ್ತ ಪತಂಗ.

"ಒಂದೇನಾ?"

"ಒಂದೇ ಸಾರ್. ಆದ್ರೆ ಆ ಹೆಸರಿನದ್ದು ಲೋಕಕ್ಕೆಲ್ಲ ಅದೊಂದೇ," ಎಂದರು ದೂರುದಾರ ಡಾ. ಯೆನ್. ಊರಾಚೆಯ ಖಾಸಗಿ ಕೀಟ ಸಂಗ್ರಹಾಲಯಕ್ಕೆ ಅವರೇ ಮುಖ್ಯಸ್ಥರು.

"ಚಿನ್ನದ ಬಣ್ಣದ್ದಾ?" ಕಾನ್‌ಸ್ಟೇಬಲ್ ಪಾನ್ ಬಾಯಿ ಹಾಕಿದ.

"ಒಣಗಿದೆಲೆ ಬಣ್ಣ ಕಣಪ್ಪ. ಕಂಡ್ರೆ ಕಸ ಅಂತ ಗುಡಿಸಿ ಹಾಕ್ತೀಯ."

ಎಫ್‌ಐಆರ್ ದಾಖಲಾಯಿತು. ಸ್ಥಳಕ್ಕೆ ಹೋಗಿ ಪಂಚನಾಮೆ ಮಾಡಿದರು. ಬೀಗ ಒಡೆದಿರಲಿಲ್ಲ. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಪತಂಗಗಳು ಸಾಲಾಗಿ, ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ನಡುವೆ ಒಂದು ಸೂಜಿಯ ತೂತು ಖಾಲಿ.

"ಇವನ್ನ ಬೇರೆ ಬೇರೆ ಅಂತ ಹೇಗ್ರೀ ಹೇಳ್ತೀರಿ?" ತು ಕೇಳಿದರು.

"ಈ ಕುಲದಲ್ಲಿ ರೆಕ್ಕೆ ನಂಬೋಕಾಗಲ್ಲ ಸಾರ್. ಹೊಟ್ಟೆ ಕತ್ತರಿಸಿ, ಕ್ಷಾರದಲ್ಲಿ ಬೇಯಿಸಿ, ಒಳಗಿನ ಜನನಾಂಗ ನೋಡ್ಬೇಕು. ಜಾತಿಗೊಂದು ಆಕಾರ. ಉಳಿದದ್ದೆಲ್ಲ ನೋಡಿ ಮುಗಿಸಿದೀನಿ. ಕಳುವಾದದ್ದು ನನಗೆ ಕೆಲಸ ಕಲಿಸಿದ ಕೋ ಮೇಷ್ಟ್ರು ಹಿಡಿದು, ಹೊಸ ಜಾತಿ ಅಂತ ಹೆಸರಿಟ್ಟದ್ದು. ಅವರ ಮೇಲಿನ ಗೌರವಕ್ಕೆ ಮುಟ್ಟದೆ ಕೊನೆಗಿಟ್ಟಿದ್ದೆ. ಇವತ್ತು ಕತ್ತರಿಸ್ಬೇಕಿತ್ತು."

"ಕತ್ತರಿಸಿದ್ರೆ ಏನಾಗ್ತಿತ್ತು?"

"ಹಳೇ ಜಾತೀದೇ ಅಂತ ಗೊತ್ತಾದ್ರೆ, ಮೇಷ್ಟ್ರು ಇಟ್ಟ ಹೆಸರು ಬಿದ್ದು ಹೋಗುತ್ತೆ."

ಪೆಟ್ಟಿಗೆಯ ಮೂಲೆಯಲ್ಲಿ ಬಿಳಿ ಬಟ್ಟೆಯ ಪುಟ್ಟ ಗಂಟು. ತು ಮೂಸಿದರು. ಹೊಸ ಕರ್ಪೂರ.

"ಇದು ನಿಮ್ಮದಾ?"

"ಅಲ್ಲ. ನಾವು ನುಸಿಗುಳಿಗೆ ಹಾಕೋದು." ಯೆನ್ ತಡವರಿಸಿದರು. "ಪೆಟ್ಟಿಗೆ ತೆರೆದ್ರೆ ಹುಳ ಬೀಳದ ಹಾಗೆ ಕರ್ಪೂರ ಇಟ್ಟೇ ಮುಚ್ಚೋದು ಹಳಬರ ರೂಢಿ."

"ಅಬ್ಬಾ! ಕದಿಯೋಕೆ ಬಂದೋರು ಉಳಿದವರ ಕ್ಷೇಮಾನೂ ನೋಡ್ಕೊಂಡು ಹೋಗಿದಾರೆ!" ಎಂದ ಪಾನ್.

"ಮೇಷ್ಟ್ರು ಯಾರ ಹೆಸರಿಟ್ಟಿದ್ರು?" ತು ಯೆನ್ ಕಡೆ ತಿರುಗಿದರು.

"ಅವರ ಹೆಂಡ್ತಿದು. ಚಾವ್-ಯುನ್. ಇಬ್ರೂ ಇಲ್ಲೇ ದುಡಿದೋರು. ಮೇಷ್ಟ್ರು ತೀರಿಕೊಂಡ್ರು."

ಯೆನ್ ಅವರನ್ನೂ ಕರೆದುಕೊಂಡು ಹೋದಾಗ ಚಾವ್-ಯುನ್ ಅಜ್ಜಿ ಮನೆಯ ಜಗಲಿಯಲ್ಲಿ ಬಿದಿರಿನ ಕಳಲೆ ಸುಲಿಯುತ್ತಿದ್ದರು. ಪೊಲೀಸರನ್ನು ಕಂಡು ಎದ್ದರು.

"ಊಟ ಆಯ್ತಾ?"

"ಅಜ್ಜೀ, ಪತಂಗ ಎಲ್ಲಿ?"

"ಕೊಡಲ್ಲ." ಸುಳ್ಳು ಹೇಳಬೇಕೆಂದು ಆಕೆಗೆ ಹೊಳೆಯಲೇ ಇಲ್ಲ. "ನಮ್ಮ ಯಜಮಾನರ ಬೀಗದ ಕೈ ನನ್ನ ಹತ್ರಾನೇ ಇತ್ತು, ಹೋಗಿ ತಂದೆ. ಮಕ್ಕಳಿಲ್ಲ ಮರಿಯಿಲ್ಲ, ನನಗೆ ಅಂತ ಅವರು ಮಾಡಿಟ್ಟದ್ದು ಅದೊಂದು ಹೆಸರು. ಹೊಟ್ಟೆ ಸೀಳಿ ಅದನ್ನೂ ಅಳಿಸ್ತಾನಂತೆ, ಈ ಯೆನ್! ನನ್ನ ಕೈ ಗಂಜಿ ಉಂಡು ಕೆಲಸ ಕಲಿತವನು!"

ಯೆನ್ ತಲೆ ತಗ್ಗಿಸಿದರು. ಒಳಗೆ ಪೂರ್ವಜರ ಪೀಠದಲ್ಲಿ, ಮೇಷ್ಟ್ರ ಪಟದ ಹಿಂದೆ ಪತಂಗವಿದ್ದ ಡಬ್ಬಿ ಸಿಕ್ಕಿತು. ಗುರುತು ಹಿಡಿಯಲು ತು ಅದನ್ನು ಯೆನ್ ಕೈಗೆ ಕೊಟ್ಟರು. ಯೆನ್ ಭೂತಗನ್ನಡಿ ಹಿಡಿದು ಪತಂಗದ ಹೊಟ್ಟೆಯ ಮೇಲೆ ಬಾಗಿದರು.

"ಅಮ್ಮಾ, ಇದರ ಹೊಟ್ಟೆ ಆಗಲೇ ಕತ್ತರಿಸಿದೆ. ನೋಡಿ, ಮತ್ತೆ ಅಂಟು ಹಾಕಿ ಕೂರಿಸಿದಾರೆ. ಇದು ಮೇಷ್ಟ್ರ ಕೈಕೆಲಸ."

"ಅವರು ಯಾಕೆ ಕತ್ತರಿಸಿದ್ರು?" ತು ಕೇಳಿದರು.

"ಅನುಮಾನ ಬಂದಿರ್ಬೇಕು. ಹೊಸ ಜಾತಿ ಅಂತ ಖಾತ್ರಿ ಆಗಿದ್ರೆ ಊರಿಗೆಲ್ಲ ಸಾರ್ತಿದ್ರು. ಬಾಯಿ ಬಿಟ್ಟಿಲ್ಲ ಅಂದ್ರೆ..."

"ಹಳೇದೇ ಅಂತ ಗೊತ್ತಾಗಿತ್ತು." ಮಾತು ಮುಗಿಸಿದವರು ಅಜ್ಜಿಯೇ. ಪಟದ ಕಡೆ ತಿರುಗಿದರು. ನಗು ಬಂತು, ಹಿಂದೆಯೇ ಅಳು ಬಂತು. "ಹುಳದ ಚೀಟಿಯಲ್ಲಿ ತಾರೀಖು ತಪ್ಪಿದ್ರೆ ರಾತ್ರಿಯೆಲ್ಲ ನಿದ್ದೆ ಮಾಡದ ಮನುಷ್ಯ! ನನಗೋಸ್ಕರ ಇಷ್ಟು ದೊಡ್ಡ ಸುಳ್ಳು ಹೊತ್ಕೊಂಡು ಹೋದ್ರಲ್ಲ, ಸಾಹೇಬ್ರೇ!"

ಪಾನ್ ಬಾಗಿಲ ಕಡೆ ಮುಖ ಮಾಡಿ ನಿಂತ.

ಅಜ್ಜಿ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡು, ಯೆನ್ ಕೈಯಲ್ಲಿದ್ದ ಡಬ್ಬಿಯನ್ನು ಅವರ ಕಡೆಗೇ ತಳ್ಳಿದರು. "ತಗೊಂಡು ಹೋಗು. ನನ್ನ ಹೆಸರು ತೆಗೆದು ಹಾಕು. ಅವರ ಎದೆ ಭಾರ ಇಳೀಲಿ."

ತು ಕಾನೂನು ಪ್ರಕಾರ ಅಜ್ಜಿಯನ್ನು ಬಂಧಿಸಿದರು. ಕೋಳ ತೊಡಿಸಲಿಲ್ಲ. ಆಕೆ ಕೊಟ್ಟ ಕಳಲೆ ಸಾರು ಅನ್ನ ಉಂಡೇ ಎಲ್ಲರೂ ಠಾಣೆಗೆ ಹೊರಟರು. ಸಂಜೆ ಬರೆದ ವರದಿಯಲ್ಲಿ ಕೃತ್ಯದ ಉದ್ದೇಶ ಹೀಗೆ ದಾಖಲಾಗಿದೆ: ಗಂಡ ಕೊಟ್ಟ ಹೆಸರನ್ನು ಉಳಿಸಿಕೊಳ್ಳಲು ಆರೋಪಿಯು ಕಳವು ಮಾಡಿರುತ್ತಾರೆ, ಗಂಡನ ಸತ್ಯನಿಷ್ಠೆಯನ್ನು ಉಳಿಸಲು ತಾವಾಗಿಯೇ ಹಿಂದಿರುಗಿಸಿರುತ್ತಾರೆ.