ಬೆನ್ನೀಜಿನ ಗೋಡೆ

ತನುಜಾಳ ತೋಳು, ಬೆನ್ನಿನಿಂದ ಹಿಮ್ಮಡಿಯವರೆಗೆ ಅಂಟಿಸಿದ್ದ ಪೊರೆ ಹಾಲಿನ ಕೆನೆಗಿಂತ ತೆಳುವಾಗಿತ್ತು. ಆಕೆ ಮಂಗಳೂರಿನ ಈಜುಕೊಳಕ್ಕೆ ಇಳಿಯುತ್ತಲೇ ಅದು ಮೀನಿನ ಮೈಯಂತೆ ಒಮ್ಮೆ ಮಿನುಗಿ, ಚರ್ಮದ ಬಣ್ಣಕ್ಕೆ ತಿರುಗಿತು.

"ಈಗ ಒದೀರಿ," ಎಂದರು ಪೊರೆಯನ್ನು ರೂಪಿಸಿದ್ದ ಡಾ. ವಾರಿಜಾ.

ತನುಜಾ ಎದೆಯೀಜಿನ ಕಪ್ಪೆಯೊದೆತ ಒದ್ದಳು. ವರ್ಷದಿಂದ ಕಾಡುತ್ತಿದ್ದ ಬಲಮಂಡಿ ತುಟಿಪಿಟಕ್ಕೆನ್ನಲಿಲ್ಲ.

"ನಾನು ಒದೆಯುವ ಮೊದಲೇ ಕಾಲು ಒದ್ದಾಯ್ತಲ್ಲ ಡಾಕ್ಟ್ರೇ!"

"ಅದಕ್ಕೇ ಇದರ ಹೆಸರು ಇಚ್ಛಾವಾಹಕ. ನೋವಿರುವ ಕಾಲು ಹಿಂಜರಿಯುತ್ತೆ ನೋಡಿ. ಈ ಪೊರೆ ನಿಮ್ಮ ಬಯಕೆಯನ್ನು ಬೆನ್ನುಹುರಿಯಲ್ಲೇ ಓದಿ, ಹಿಂಜರಿಕೆಗೆ ಮುಂಚೆ ಸ್ನಾಯುವಿಗೆ ಮುಟ್ಟಿಸುತ್ತೆ."

"ನಮ್ಮ ಮನೆ ನಾಯಿಯ ಹಾಗೆ," ಎಂದು ತರಬೇತುದಾರ ಸಾಲ್ಯಾನ್ ನಕ್ಕರು. "ನಾನು ಚಪ್ಪಲಿ ಹಾಕುವ ಮೊದಲೇ ಅದು ಗೇಟಿನ ಹತ್ತಿರ ಉಂಟು."

ಹೊಸ ಶಕ್ತಿಯನ್ನೇನೂ ಕೂಡಿಸದ ಈ ಪೊರೆಗೆ ಈಜು ಮಂಡಳಿ ಒಪ್ಪಿಗೆ ಕೊಟ್ಟಿತ್ತು. ತನುಜಾಳದು ಮೆಡ್ಲೆ: ಚಿಟ್ಟೆಯೀಜು, ಬೆನ್ನೀಜು, ಎದೆಯೀಜು, ಮುಕ್ತ ಈಜು, ಒಂದರ ಬೆನ್ನಿಗೊಂದು, ನಡುವೆ ಉಸಿರಾಡಲೂ ಬಿಡುವಿಲ್ಲ. ಇಪ್ಪತ್ತೆಂಟು ತುಂಬಿದ ಆಕೆಗೆ ದೇಶದ ತಂಡ ಸೇರಲು ಇದೇ ಕೊನೆಯ ಆಯ್ಕೆ ಸ್ಪರ್ಧೆ. ಮಂಡಿ ಉಳಿಯಲೆಂದು ಸಾಲ್ಯಾನ್ ಆಕೆಯಿಂದ ದಿನಕ್ಕೊಂದೇ ಬಗೆಯ ಈಜು ಮಾಡಿಸಿದರು. ತುಂಡು ತುಂಡಾಗಿ ಪಳಗಿಸಿ ಸ್ಪರ್ಧೆಯ ದಿನ ಹೊಲಿಯುವುದು ಅವರ ಹಳೆಯ ಪದ್ಧತಿ. ಹೀಗಾಗಿ ಪೊರೆ ತೊಟ್ಟು ಆಕೆ ಪೂರ್ತಿ ಮೆಡ್ಲೆ ಈಜಿರಲೇ ಇಲ್ಲ. ಅದರಿಂದ ತೊಂದರೆಯಾದೀತೆಂದು ವಾರಿಜಾರಿಗೂ ಹೊಳೆಯಲಿಲ್ಲ.

ಸ್ಪರ್ಧೆಯ ದಿನ ಚಿಟ್ಟೆಯೀಜಿನಲ್ಲಿ ತನುಜಾ ಮೂರನೆಯವಳು. ಬೆನ್ನಿನ ಮೇಲೆ ಹೊರಳಿದ್ದೇ ತಡ, ಕಿವಿಗಳಲ್ಲಿ ನೀರು ತುಂಬಿ ಲೋಕದ ಸದ್ದಡಗಿತು. ಮೇಲೆ ಗಾಜಿನ ಚಾವಣಿ, ಅದರಾಚೆ ಬೆಳ್ಮೋಡ. ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನೂ ದಾಟಿದಳು. ಗೋಡೆ ಬಂತು. ಕೈ ಮುಟ್ಟಿತು. ಇನ್ನು ಎದೆಯೀಜು. ಮಗುಚಬೇಕು.

ಮೈ ಮಗುಚಲಿಲ್ಲ.

ಪಾದಗಳು ಗೋಡೆಯನ್ನು ಒದ್ದವು. ಕಣ್ಣೆದುರು ಮತ್ತೆ ಅದೇ ಚಾವಣಿ. ಆಕೆ ಭುಜ ತಿರುಚಿದಳು, ಸೊಂಟ ಹಿಂಡಿದಳು. ಕೈಗಳು ಮಾತ್ರ ತಮ್ಮ ಪಾಡಿಗೆ ಹಿಂದಕ್ಕೆ ಬೀಸುತ್ತಲೇ ಇದ್ದವು. ತನ್ನದೇ ಮೈಯಲ್ಲಿ ತಾನು ಸಿಕ್ಕಿಬಿದ್ದಿದ್ದಳು. ದಡದಲ್ಲಿ ಸಾಲ್ಯಾನ್, "ಮಗುಚು ಮಾರಾಯ್ತಿ, ಮಗುಚು!" ಎಂದು ಬೊಬ್ಬೆ ಹೊಡೆಯುತ್ತಿದ್ದುದು ಅವಳಿಗೆ ಕೇಳಿಸಲಿಲ್ಲ. ಆಚೆ ಗೋಡೆ ಮುಟ್ಟುವಾಗ ತೀರ್ಪುಗಾರರ ಕೈ ಮೇಲೆದ್ದಿತ್ತು. ಅನರ್ಹ.

ಒದ್ದೆ ಟವೆಲು ಹೊದ್ದು ಕೂತಿದ್ದವಳ ಬಳಿಗೆ ಮಂಡಳಿಯ ಅಧಿಕಾರಿ ಬಂದರು. "ಪೊರೆ ಕೆಟ್ಟಿತ್ತು ಅಂತ ನೀವೂ ಡಾಕ್ಟರೂ ಹೇಳಿದರೆ ನಾಳೆ ಇನ್ನೊಂದು ಅವಕಾಶ ಕೊಡಬಹುದು. ನಿಯಮ ಇದೆ. ಮಾತಾಡಿಕೊಂಡು ಹೇಳಿ," ಎಂದು ತುಸು ದೂರ ಸರಿದು ನಿಂತರು.

"ಕೆಟ್ಟಿರಲಿಲ್ಲ," ವಾರಿಜಾರ ಮುಖ ಬಿಳಿಚಿಕೊಂಡಿತ್ತು. "ಒಂದೇ ಬಗೆ ಈಜುವಾಗ ಆಯ್ಕೆಯ ಮಾತೇ ಇರಲ್ಲ. ತಿರುವಿನಲ್ಲಿ ಮಾತ್ರ ಇದು ಬಿಟ್ಟು ಅದು ಅಂತ ಆರಿಸಬೇಕು. ಆಗ ಒಳಗೆ ಯಾವುದು ಬೇಕಿತ್ತೋ ಪೊರೆ ಅದನ್ನೇ ಮಾಡಿದೆ. ಎಲ್ಲರಿಗೂ ಬೇಕಿರೋದು ಗೆಲುವು ಅಂದ್ಕೊಂಡಿದ್ದೆ ನಾನು." ಆಮೇಲೆ ದನಿ ತಗ್ಗಿಸಿದರು. "ಆದರೂ ತನುಜಾ, ದೋಷ ನನ್ನದೇ ಅಂತ ಹೇಳ್ತೀನಿ. ನೀವೂ ಹೂಂ ಅನ್ನಿ."

"ಹೇಳು," ಎಂದರು ಸಾಲ್ಯಾನ್. "ಒಂದು ಮಾತು. ನಾಳೆ ಪೊರೆ ಇಲ್ಲದೆ ಈಜುವ. ಮಂಡಿ ಹೋದರೆ ಹೋಗಲಿ."

ತನುಜಾ ಕೊಳದತ್ತ ನೋಡಿದಳು. ನೀರು ಇನ್ನೂ ತುಯ್ಯುತ್ತಿತ್ತು.

"ಪೊರೆ ಸರಿಯಾಗಿಯೇ ಇತ್ತು," ಎಂದಳು ಅಧಿಕಾರಿಯನ್ನು ಕರೆದು.

ಅವರು ತಲೆದೂಗಿ ಹೊರಟರು. ಸಾಲ್ಯಾನ್ ಕೊರಳಿನ ಸೀಟಿ ತೆಗೆದು ಜೇಬಿಗಿಟ್ಟರು.

"ಬೆನ್ನೀಜು ಸಾಕು, ಬೇರೆ ಯಾವುದೂ ಬೇಡ ಅಂತ ನನಗೊಂದು ಮಾತು ಹೇಳಬಹುದಿತ್ತಲ್ಲ ಮಾರಾಯ್ತಿ. ಇಷ್ಟು ವರ್ಷದಲ್ಲಿ."

"ನನಗೇ ಗೊತ್ತಿರಲಿಲ್ಲ ಸರ್," ಎಂದಳು ತನುಜಾ.