೨೦೦೯ರ ಡೈರಿ

ಸುಗ್ಗಿ ಮುಗಿಯುತ್ತ ಬಂದಿತ್ತು. ಶಿವಮೊಗ್ಗದ ವಿನೋಬನಗರದ ಸಿನಿಮಾ ಶಾಲೆಯ ಅಂಗಳದಲ್ಲಿ ಹುಡುಗರು ಬೆಳಗಿನ ಬಿಸಿಲಿಗೆ ಲೈಟುಗಳನ್ನು ಸಾಲಾಗಿಟ್ಟು ದೂಳು ಒರೆಸುತ್ತಿದ್ದರು. ಮಹಡಿಯ ಕೋಣೆಯಲ್ಲಿ ನಿರ್ಮಾಪಕ ಶಶಿಧರ ಬಾಗಿಲು ಹಾಕಿಕೊಂಡು, ೨೦೦೯ರ ಖಾಲಿ ಡೈರಿಯೊಂದಕ್ಕೆ ರಂಜಿನಿಯ ಕತೆಯನ್ನು ಇಳಿಸುತ್ತಿದ್ದ.

ಹನ್ನೊಂದು ಸಿನಿಮಾ ಗೆದ್ದವನು. ಊರಿನ ಋಣವೆಂದು ಯಾರಿಂದಲೂ ಫೀಸು ಮುಟ್ಟದೆ ಈ ಶಾಲೆ ನಡೆಸುತ್ತಿದ್ದ. ಭದ್ರಾವತಿಯ ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುವ ಯಲ್ಲಮ್ಮನ ಮಗಳಿಗೆ ಕತೆ ಕಟ್ಟುವುದನ್ನು ಕಲಿಸಿದವನು ಅವನೇ. ಅದೇ ರಂಜಿನಿ ಎದುರು ನಿಂತು, "ಕತೆ ನಂದು ಸಾರ್. ಪರದೆ ಮೇಲೆ ನನ್ನ ಹೆಸರು ಬಂದ್ರೆ ಮಾತ್ರ ಕೊಡ್ತೀನಿ," ಅಂದಿದ್ದಳು. ಹೊಲ ತನ್ನದು, ನೀರು ತನ್ನದು, ಬೆಳೆ ಮಾತ್ರ ಅವಳದೇ? ಇದನ್ನು ಕಳ್ಳತನ ಅನ್ನುವವರು ಅನ್ನಲಿ.

ಅವಸರ ಮಾಡಲಿಲ್ಲ. ಶಾಲೆಯಲ್ಲಿ ಕೈಬರಹವೇ ನಿಯಮ, ಫೋನಿಗೆ ಪ್ರವೇಶವಿಲ್ಲ. ಅವಳ ನೋಟ್‌ಬುಕ್ ಇದ್ದದ್ದು ಅವನ ಬೀರುವಿನಲ್ಲೇ. ಬೇರೆ ಪ್ರತಿ ಇರಲಿಲ್ಲ. ಹಳೆಯ ಶಾಯಿ ಪೆನ್ನು ಹುಡುಕಿ ತೆಗೆದ. ಕತೆಯಲ್ಲಿ ವಾಟ್ಸಾಪ್ ಬಂದಲ್ಲಿ ಕಾಗದ ಬರೆಸಿದ, ಫೋನ್‌ಪೇ ಬಂದಲ್ಲಿ ಚಿಲ್ಲರೆ ಎಣಿಸಿದ. ಒಂದೆರಡು ಪುಟಕ್ಕೆ ಕಾಫಿಯನ್ನೂ ಚೆಲ್ಲಿದ. ಕೊನೆಗೆ ನೋಟ್‌ಬುಕ್ ಬಚ್ಚಲೊಲೆಗೆ ಹೋಯಿತು. ಆ ದಿನ ಸ್ನಾನದ ನೀರು ಹದವಾಗಿ ಕಾದಿತ್ತು.

ಶಶಿಧರ ಆ ಕತೆಯನ್ನು ತನ್ನ ಹೆಸರಿನಲ್ಲೇ ಹೊಸ ಸಿನಿಮಾ ಎಂದು ಸಾರಿದಾಗ ರಂಜಿನಿ ದೂರು ಕೊಟ್ಟಳು. ಬರಹಗಾರರ ಸಂಘದ ಹಿರಿಯ ಹಾಲಸ್ವಾಮಿ ಶಾಲೆಗೇ ವಿಚಾರಣೆಗೆ ಬಂದರು. ಸುಳ್ಳು ಯಾರದೆಂದು ಕಂಡರೂ ಅವರಿಗೆ ಇನ್ನು ಸಿನಿಮಾದ ಬಾಗಿಲು ಮುಚ್ಚಿದಂತೆ, ಎಂದು ಮೊದಲೇ ಹೇಳಿದರು. ಶಶಿಧರ ಡೈರಿಯನ್ನು ರಂಜಿನಿಯ ಕೈಗೇ ಇಟ್ಟ.

"ನೀನೇ ಓದಮ್ಮ, ಎಲ್ರೂ ಕೇಳ್ಲಿ. ನೀನು ಒಂದನೇ ಕ್ಲಾಸಲ್ಲಿದ್ದಾಗ ನಾನು ಬರೆದಿದ್ದು."

ರಂಜಿನಿ ಡೈರಿ ತೆರೆಯಲು ಹಿಂಜರಿದಳು. "ಓದೇ ಮಾರಾಯ್ತಿ, ನೀನ್ಯಾಕೆ ಹೆದರ್ಬೇಕು?" ಎಂದಳು ಪಕ್ಕದಲ್ಲಿದ್ದ ಯಲ್ಲಮ್ಮ.

ರಂಜಿನಿ ಓದಿದಳು: ಕತೆಯ ನಾಯಕಿ ಭದ್ರಾವತಿಯಲ್ಲಿ ಶಿವಮೊಗ್ಗದ ಬಸ್ಸಿಗೆ ಕಾಯುತ್ತಾಳೆ. ಕಂಡಕ್ಟರುಗಳು ಕೂಗಿ ಕರೆದರೂ ಮೂರು ಪ್ರೈವೇಟ್ ಬಸ್ ಬಿಡುತ್ತಾಳೆ. ಸರ್ಕಾರಿ ಬಸ್ ಬಂದಾಗ ಬರಿಗೈಯಲ್ಲಿ ಹತ್ತಿ, ಟಿಕೆಟ್ ಹಿಡಿದು ಕಿಟಕಿ ಪಕ್ಕ ಕೂರುತ್ತಾಳೆ.

ಶಶಿಧರನಿಗೆ ತಡೆಯಲಾಗಲಿಲ್ಲ. "ನನಗೆ ತುಂಬ ಇಷ್ಟದ ಸೀನು ಸಾರ್ ಇದು. ಹೆಣ್ಣಿನ ಹಟ ನೋಡಿ! ಆ ಮುಖ ನೋಡಿ ಕಂಡಕ್ಟರೂ ದುಡ್ಡು ಕೇಳಲ್ಲ."

ಯಲ್ಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕುಬಿಟ್ಟಳು. "ಹಟ ಎಲ್ಲಿಂದ ಬಂತು ಸಾರ್? ಸರ್ಕಾರಿ ಬಸ್ಸು ಹೆಂಗಸ್ರಿಗೆ ಫ್ರೀ ಅಂತ ಕಾಯ್ತಾಳೆ! ಅದನ್ನ ಮಾಡಿದ್ದು ಇಪ್ಪತ್ಮೂರರಲ್ಲಿ. ಅಲ್ಲೀತನಕ ನಾವೂ ಸಿಕ್ಕಿದ ಪ್ರೈವೇಟ್ ಹತ್ತಿ ಬರ್ತಿದ್ವಲ್ಲ."

"ಕಲಿಸಿದ್ದು ನಾನೇ ತಾನೇ?" ಎಂದು ಶಶಿಧರ ಗುಡುಗಿದ. ಹಾಲಸ್ವಾಮಿ ರಂಜಿನಿಯ ಕೈಯಿಂದ ಡೈರಿ ತೆಗೆದುಕೊಂಡು ಮುಚ್ಚಿ, ರಟ್ಟಿನ ಮೇಲಿನ ಇಸವಿಯ ಮೇಲೆ ಬೆರಳಿಟ್ಟರು. ಮೊದಲ ಸಿನಿಮಾ ಗೆದ್ದ ದಿನದಿಂದ ಶಶಿಧರ ಬಸ್ ಹತ್ತಿರಲಿಲ್ಲ.