ಬಡಿಸಿದ ಕೈ

"ಆ ಮಣ್ಣಲ್ಲಿ ಬೆಳೆದದ್ದನ್ನ ಬಾಯಿಗೆ ಇಡಬೇಡಿ ನರ್ಸಮ್ಮ. ಹೆತ್ತ ಮಕ್ಕಳೇ ನಿಮ್ಮ ಗುರುತು ಹಿಡಿಯಲ್ಲ."

ಬೇಲಿಯಾಚೆ ನಿಂತ ವಿಧವೆ ಹೀಗೆಂದಾಗ ನರ್ಸಮ್ಮ ಕಳೆ ಕೀಳುವ ಕೈಯನ್ನೂ ನಿಲ್ಲಿಸಲಿಲ್ಲ. "ಮದುವೆ ಆದಮೇಲೆ ನನ್ನ ಮಗಳು ಅರ್ಧ ಮರೆತೇ ಇದ್ದಾಳೆ ಬಿಡಿ ಅಕ್ಕಾ. ಅದಕ್ಕೆ ಮಾಟ ಬೇರೆ ಬೇಕಾ?" ಎಂದು ನಕ್ಕಳು.

ತುರ್ತು ವಾರ್ಡಿನಲ್ಲಿ ಆಯಸ್ಸು ಸವೆಸಿದವಳು, ಹೆಣದ ಪಕ್ಕ ಕೂತು ಚಹಾ ಕುಡಿದವಳು. ಮಾಟ-ಮಂತ್ರವೆಂದರೆ ಅವಳಿಗೆ ಜ್ವರದ ಬಡಬಡಿಕೆ. ಒಬ್ಬಳೇ ಮಗಳು ಗಂಡನ ಮನೆ ಸೇರಿದ ಮೇಲೆ ಪಟ್ಟಣದ ಮನೆ ಭಣಗುಟ್ಟುತ್ತಿತ್ತು. ರೈಲು ಓಡಿಸಿ ನಿವೃತ್ತನಾದ ಗಂಡನಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ. ಈ ತುಂಡು ಹೊಲ ಕಂಡದ್ದೇ ತಡ, ಇಬ್ಬರೂ ಹಿಂದೆಮುಂದೆ ನೋಡದೆ ಕೊಂಡಿದ್ದರು.

ಹೊಲ ಹಿಂದೆ ಆ ವಿಧವೆಯದೇ. ಗಂಡ ಸತ್ತಮೇಲೆ ಮೈದುನ ಅವಳ ಮಗನ ಕಿವಿ ಊದಿದ: ನಿನ್ನಪ್ಪನಿಗೆ ವಿಷ ಇಟ್ಟವಳು ಇವಳೇ ಅಂತ. ಮಗ ತಾಯಿಯನ್ನು ಬೀದಿಗೆ ತಳ್ಳಿದ, ಹೊಲ ಮೈದುನನ ಪಾಲಾಯಿತು. "ಆ ಮೈದುನನಿಗೇ ಅಂತ ಮಾಟ ಮಾಡಿಸಿ ಮಣ್ಣಲ್ಲಿ ಹೂತೆ," ಎಂದಳು ವಿಧವೆ. "ಆ ಪಾಪಿ ಒಂದು ಕಾಳೂ ತಿನ್ನದೆ ನಿಮಗೆ ಮಾರಿಬಿಟ್ಟ."

ಟೊಮೆಟೊ ಗಿಡ ಬಾಗಿ ನೆಲ ಮುಟ್ಟುವಷ್ಟು ಕಾಯಿ ಬಿಟ್ಟಿತು. ಮೊದಲ ಹಣ್ಣನ್ನು ಗಂಡ ಹೆಂಡತಿ ಹೊಲದಲ್ಲೇ ಹಂಚಿಕೊಂಡು ತಿಂದರು. ನಾಲಿಗೆಯ ಮೇಲೆ ತುಕ್ಕಿನ ರುಚಿ ಉಳಿಯಿತು. ಮಣ್ಣಿನ ಗುಣ, ಎಂದುಕೊಂಡಳು.

ಆ ಸಂಜೆಯೇ ಮಗಳಿಗೆ ಫೋನು ಮಾಡಿದಳು.

"ಯಾರು ಬೇಕಿತ್ತು?"

"ನಾನು ಕಣೇ, ಅಮ್ಮ."

"ನಮ್ಮಮ್ಮನ ದನಿ ನನಗೆ ಗೊತ್ತಿಲ್ವಾ? ಫೋನಿಡಿ."

ಮರುದಿನ ಮಗಳ ಮನೆಗೇ ಓಡಿದರು. ಬಾಗಿಲು ಒಳಗಿನ ಸರಪಳಿ ಬಿಟ್ಟಷ್ಟೇ ತೆರೆಯಿತು. ತಾನೇ ಎತ್ತಿ ಆಡಿಸಿದ ಮುಖ, ಆದರೆ ಕಣ್ಣಲ್ಲಿ ಗುರುತಿನ ಎಳೆಯೂ ಇಲ್ಲ. "ನಮಗೇನೂ ಬೇಡ. ಮುಂದಿನ ಮನೆಗೆ ಹೋಗಿ," ಎಂದು ಮಗಳು ಬಾಗಿಲು ದಢಾರನೆ ಮುಚ್ಚಿದಳು. ಊರಿಗೆ ಮರಳಿದ ಗಂಡ ಗೋಡೆ ಕಡೆ ತಿರುಗಿ ಮಲಗಿದವನು ಊಟಕ್ಕೂ ಏಳಲಿಲ್ಲ.

ನರ್ಸಮ್ಮ ರೋಷದಿಂದ ಗಿಡವೊಂದನ್ನು ಬುಡಸಹಿತ ಕಿತ್ತಳು. ಕೊಳೆತ ನಾತ ಗಪ್ಪನೆ ಮೂಗಿಗೆ ಬಡಿಯಿತು. ಬೇರಿನ ಜೊತೆ ಹೆಣೆದುಕೊಂಡು ಕೂದಲು ಬಂತು. ಉದ್ದನೆಯ, ಒದ್ದೆ ಕೂದಲು. ಮುಟ್ಟಿದರೆ ಜೀವಂತ ನೆತ್ತಿಯ ಹಾಗೆ ಬೆಚ್ಚಗಿತ್ತು.

"ಅಕ್ಕಾ, ಇದನ್ನ ಹೇಗಾದರೂ ತೆಗೀರಿ!"

"ತೆಗೆಯೋಕೆ ಆಗಲ್ಲ. ಯಾರಿಗಂತ ಇಟ್ಟಿದ್ದೋ ಅವನು ತಿಂದರೆ ನಿಮ್ಮನೆ ಬಿಡತ್ತೆ." ವಿಧವೆ ತಗ್ಗಿದ ದನಿಯಲ್ಲಿ ಸೇರಿಸಿದಳು: "ನನ್ನ ಕೈಯಿಂದ ಅವನು ನೀರೂ ಮುಟ್ಟಲ್ಲ."

ಮೈದುನನದು ಮರದ ಮಿಲ್ಲು. ಗರಗಸದ ಕಿರುಚಾಟ, ಹಸಿ ಹೊಟ್ಟಿನ ವಾಸನೆ ಮನೆಯೊಳಗೂ ತುಂಬಿತ್ತು. ಊಟದ ಮೇಜಿನ ಮೇಲೆ ನರ್ಸಮ್ಮ ಹಣ್ಣು ಹೆಚ್ಚಿ, ಉಪ್ಪು ಉದುರಿಸಿ, ತಟ್ಟೆ ಮುಂದಿಟ್ಟಳು. "ನಿಮ್ಮ ಹೊಲದ ಮೊದಲ ಬೆಳೆ. ಅತ್ತಿಗೆಯವರು ತಿನ್ನಬೇಡಿ ಅಂತಾರೆ."

"ಮಾಟ ಅಂದ್ಲಾ ಆ ಮುದುಕಿ?" ಅವನು ಹೊಟ್ಟೆ ಹಿಡಿದು ನಕ್ಕ. ನಗುತ್ತಲೇ ಒಂದು ಹೋಳು ಬಾಯಿಗೆ ಎಸೆದುಕೊಂಡ. ಇನ್ನೊಂದು. ಕೆಂಪು ರಸ ಗದ್ದಕ್ಕಿಳಿಯಿತು.

ಅಷ್ಟರಲ್ಲಿ ಅವನ ಗಂಡುಮಕ್ಕಳಿಬ್ಬರು ಊಟಕ್ಕೆ ಒಳಬಂದರು. ಹಿರಿಯವನ ಹುಬ್ಬು ಗಂಟಿಕ್ಕಿತು.

"ಯಾರಯ್ಯ ನೀನು? ನಮ್ಮಪ್ಪನ ಕುರ್ಚೀಲಿ ಕೂತಿದ್ದೀಯ?"

ಅವನು ನಕ್ಕ. ಮಕ್ಕಳು ನಗಲಿಲ್ಲ. "ಲೋ, ನಾನು ಕಣ್ರೋ!" ಕೊರಳಪಟ್ಟಿಗೆ ಕೈ ಬಿತ್ತು. ಕುರ್ಚಿ ಉರುಳಿತು. ಹಿಮ್ಮಡಿ ಹೊಸ್ತಿಲಿಗೆ ಬಡಿಯಿತು. "ಅಪ್ಪ ಕಣ್ರೋ! ನಿಮ್ಮಪ್ಪ!" ಗರಗಸ ಕಿರುಚುತ್ತಲೇ ಇತ್ತು. ಬೀದಿಯ ಧೂಳಲ್ಲಿ ಅವನು ಮುಖ ಅಡಿಯಾಗಿ ಬಿದ್ದ. ಬಾಗಿಲು ಮುಚ್ಚಿತು. ನರ್ಸಮ್ಮ ಅವನನ್ನು ದಾಟಿಕೊಂಡು ನಡೆದಳು. ಎಷ್ಟೋ ರೋಗಿಗಳ ನರಳಾಟಕ್ಕೆ ಕರಗಿದ್ದ ಎದೆ ಅವತ್ತು ತಣ್ಣಗಿತ್ತು. ಹಿತವಾಗಿತ್ತು.

ಅವಳು ಮನೆ ಮುಟ್ಟುವ ಹೊತ್ತಿಗೆ ಗೇಟಿನ ಮುಂದೆ ಕಾರು ನಿಂತಿತ್ತು. ಮಗಳು ಅಪ್ಪನ ಎದೆಗೆ ಮುಖ ಒತ್ತಿ ಅಳುತ್ತಿದ್ದಳು. "ಯಾಕೋ ಕೆಟ್ಟ ಯೋಚನೆ ಬಂತಪ್ಪಾ. ನೋಡಬೇಕು ಅನ್ನಿಸ್ತು, ಹೊರಟುಬಂದೆ."

ನರ್ಸಮ್ಮ ಕೈ ಚಾಚಿ ಓಡಿದಳು. ಮಗಳು ತಿರುಗಿದಳು, ಒದ್ದೆ ಕಣ್ಣಲ್ಲೇ ಮುಗುಳ್ನಕ್ಕು ಬ್ಯಾಗನ್ನು ಅವಳ ಕೈಗಿತ್ತಳು.

"ಇದನ್ನ ಒಳಗಿಡಮ್ಮ."

ಅಮ್ಮ! ನರ್ಸಮ್ಮನ ಕಣ್ಣು ತುಂಬಿ ಬಂತು.

"ಅಪ್ಪಾ, ಕೆಲಸಕ್ಕೆ ಹೊಸಬರಾ ಇವರು? ಅಮ್ಮ ಎಲ್ಲಿ?" ಎನ್ನುತ್ತ ಮಗಳು ಒಳನಡೆದಳು. ಗಂಡ ಅವಳ ಹಿಂದೆಯೇ ಓಡಿದ.

ಬೇಲಿಯಾಚೆ ವಿಧವೆ ನಿಂತಿದ್ದಳು. ಮಿಲ್ಲಿನ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು, ಮುಖ ಅರಳಿತ್ತು. "ಕೈಯಾರೆ ಉಣಿಸಿದವರಿಗೆ ಬಿಡುಗಡೆ ಇಲ್ಲ ಕಣಮ್ಮ," ಎಂದಳು.

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಹೋಗ್ತಿದ್ರಾ?"

ಒಳಗೆ ಒಂದೊಂದೇ ಕೋಣೆಯ ಬಾಗಿಲು ತೆರೆಯುವ ಸದ್ದು. "ಅಮ್ಮಾ… ಎಲ್ಲಿದ್ದೀಯೇ ಅಮ್ಮಾ…" ಮಗಳು ಕೂಗುತ್ತಲೇ ಇದ್ದಳು. ಬ್ಯಾಗು ಹಿಡಿದು ಅಂಗಳದಲ್ಲಿ ನಿಂತ ನರ್ಸಮ್ಮ ಓಗೊಡಲು ಬಾಯಿ ತೆರೆದಳು. ಏನೆಂದು ಓಗೊಡುವುದೋ ತಿಳಿಯಲಿಲ್ಲ.